ತೊಂಬತ್ತು ಮಂದಿಯಿಂದ ಮೂರು ಲಕ್ಷಕ್ಕೆ: ಪುಟ್ಟ ಆಟವೊಂದರ ಪಾಠ

ಕಳೆದ ರವಿವಾರ ಸಂಘದ ಸಭೆ ಮುಗಿದು ಚಹಾ ಕುಡಿಯುತ್ತಿದ್ದಾಗ ಹಿರಿಯ ಸದಸ್ಯರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದರು. "ನೀವು ಬ್ಯಾಂಕಿನವರು, ನಮ್ಮ ಹುಡುಗನಿಗೆ ಸ್ವಲ್ಪ ಬುದ್ಧಿ ಹೇಳಿ ಮಾರಾಯ್ರೆ. ಕೆಲಸ ಬಿಟ್ಟು ಮೊಬೈಲ್ ಆಟ ತಯಾರಿಸುತ್ತಾನಂತೆ. ಅದನ್ನು ಆಡುವವರು ಯಾರು?" ಎಂದರು.

ತಂದೆಯ ಪ್ರಶ್ನೆ ನ್ಯಾಯವಾದದ್ದೇ. ದೊಡ್ಡ ಕಂಪೆನಿಗಳಿಗೆ ಜಾಹೀರಾತಿನ ಬಲವಿದೆ. ಒಬ್ಬಂಟಿ ತಯಾರಕನಿಗೆ ಏನಿದೆ?

ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿದ್ದ ಸಾಫ್ಟ್‌ವೇರ್ ಇಂಜಿನಿಯರ್ ಜೋಶ್ ವಾರ್ಡಲ್ ಅವರ ಉದಾಹರಣೆ ನೋಡೋಣ. ಪದಗಳ ಆಟವೆಂದರೆ ಪ್ರಾಣ ಎನ್ನುವ ತನ್ನ ಸಂಗಾತಿಗಾಗಿ ಅವರು 'ವರ್ಡಲ್' ರಚಿಸಿದರು. ಐದಕ್ಷರದ ಇಂಗ್ಲಿಷ್ ಪದವನ್ನು ಆರು ಪ್ರಯತ್ನಗಳೊಳಗೆ ಊಹಿಸಬೇಕು, ಅಷ್ಟೇ. ಮೊದಲು ಮನೆಮಂದಿಯ ವಾಟ್ಸಾಪ್ ಗುಂಪಿನಲ್ಲಿ ಅದು ಮೆಚ್ಚುಗೆ ಗಳಿಸಿತು. ಬಳಿಕ 2021ರ ಅಕ್ಟೋಬರ್‌ನಲ್ಲಿ ಎಲ್ಲರಿಗೂ ತೆರೆದಿಟ್ಟರು. ನವೆಂಬರ್ 1ರಂದು ಆಡಿದವರು ಬರೀ 90 ಮಂದಿ. ಎರಡೇ ತಿಂಗಳಲ್ಲಿ ಆ ಸಂಖ್ಯೆ 3 ಲಕ್ಷ ತಲುಪಿತು!

ಇದರ ಗುಟ್ಟೇನು? ಗೃಹಿಣಿಯರು, ನೌಕರರು, ನಿವೃತ್ತರು ದಿನವಿಡೀ ಆಡುವವರಲ್ಲ. ಅವರಿಗೆ ಬೇಕಾದದ್ದು ಐದು ನಿಮಿಷದ ಖುಷಿ. ಈ ಆಟಕ್ಕೆ ಶುಲ್ಕವಿರಲಿಲ್ಲ, ಜಾಹೀರಾತಿನ ಕಾಟವಿರಲಿಲ್ಲ. ದಿನಕ್ಕೊಂದೇ ಪದ, ಅದೂ ಎಲ್ಲರಿಗೂ ಒಂದೇ. ಹಾಗಾಗಿ ಮಾತಾಡಿಕೊಳ್ಳಲು ವಿಷಯ ಸಿಕ್ಕಿತು. ಉತ್ತರ ಬಯಲಾಗದಂತೆ ತಮ್ಮ ಫಲಿತಾಂಶವನ್ನು ಬಣ್ಣದ ಚೌಕಗಳಲ್ಲಿ ಕಳುಹಿಸುವ ಸೌಲಭ್ಯವೂ ಬಂದಾಗ ಆಡಿದವರೇ ಪ್ರಚಾರಕರಾದರು. 2022ರ ಜನವರಿ ಕೊನೆಗೆ 'ನ್ಯೂಯಾರ್ಕ್ ಟೈಮ್ಸ್' ಪತ್ರಿಕೆ ಅದನ್ನು ಖರೀದಿಸಿತು. ಬೆಲೆ ಹತ್ತು ಲಕ್ಷ ಡಾಲರಿಗೂ ಮಿಕ್ಕಿ.

ಆದರೆ ಎಲ್ಲರಿಗೂ ಎರಡೇ ತಿಂಗಳಲ್ಲಿ ಫಲ ಸಿಗದು. 'ಇನ್ನರ್‌ಸ್ಲಾತ್' ಎಂಬ ಪುಟ್ಟ ತಂಡದ 'ಅಮಾಂಗ್ ಅಸ್' 2018ರಲ್ಲೇ ಬಂದಿತ್ತು. ಅದಕ್ಕೆ ಜನ ಮುಗಿಬಿದ್ದದ್ದು 2020ರಲ್ಲಿ, ಹೆಸರಾಂತ ಆಟಗಾರರು ಅಂತರ್ಜಾಲದಲ್ಲಿ ಆಡಿ ತೋರಿಸಿದ ಮೇಲೆ. ಅಲ್ಲಿಯವರೆಗೆ ಕಾಯಬೇಕಾಯಿತು. ಕಾದರೂ ಜನ ಬಾರದ ಆಟಗಳೇ ಹೆಚ್ಚು.

ಆದ್ದರಿಂದ ಹುಡುಗನಿಗೆ ನಾನು ಹೇಳಿದ್ದು ಇಷ್ಟೇ: "ಕೆಲಸ ಬಿಡಬೇಡ, ಆಟವನ್ನೂ ಬಿಡಬೇಡ. ಮೊದಲು ಮನೆಯವರು ಆಡಲಿ. ಮರುದಿನ ತಾವಾಗಿಯೇ ಮತ್ತೆ ಆಡುತ್ತಾರೋ ನೋಡು."

ಸಂಘದ ನಾಟಕದ ಮೊದಲ ಟಿಕೇಟನ್ನು ನಾವು ಪಕ್ಕದ ಮನೆಗೇ ಮಾರುವುದಲ್ಲವೇ? ನಮ್ಮ ಮಕ್ಕಳು ಇಂಥದ್ದೇನಾದರೂ ತಯಾರಿಸಿದರೆ ಬರೇ ಶಹಬ್ಬಾಸ್ ಹೇಳಿ ಸುಮ್ಮನಾಗದೆ, ಐದು ನಿಮಿಷ ಆಡಿ ಬೇಸರವಾದದ್ದೆಲ್ಲಿ ಎಂದು ತಿಳಿಸೋಣ. ಆ ಮೊದಲ ತೊಂಬತ್ತು ಮಂದಿ ನಾವೇ ಆಗಬಹುದು.