ತಲೆಯ ಮೇಲೆ ತಿರುಗುವ ಭಾರ

ಶಿವರಾತ್ರಿ ಕಳೆದು ಚಳಿ ಹೊರಟಿತೆಂದರೆ ಎಲೆಕ್ಟ್ರಿಕಲ್ ಅಂಗಡಿಗಳ ಮುಂದೆ ಫ್ಯಾನಿನ ಪೆಟ್ಟಿಗೆಗಳು ಆಳೆತ್ತರಕ್ಕೆ ಏಳುತ್ತವೆ. ಕಲಬುರಗಿ, ರಾಯಚೂರಿನವರು ಅಲ್ಲಿಯವರೆಗೂ ಕಾಯುವುದಿಲ್ಲ. ಯಾವ ಕಂಪನಿ, ಯಾವ ಬಣ್ಣ, ರಿಮೋಟ್ ಬೇಕೋ ಬೇಡವೋ ಎಂದು ಮನೆಮಂದಿಯೆಲ್ಲ ಸೇರಿ ಚರ್ಚಿಸಿ ಆರಿಸುತ್ತಾರೆ. ಅದನ್ನು ತೂಗುಹಾಕುವವರು ಯಾರು ಎಂಬ ಪ್ರಶ್ನೆ ಮಾತ್ರ ದುಡ್ಡು ಕೊಟ್ಟು ಹೊರಡುವಾಗ ಒಂದೇ ಮಾತಿನಲ್ಲಿ ಮುಗಿಯುತ್ತದೆ: ‘ಯಾರಾದರೂ ಒಬ್ಬ ಹುಡುಗನ್ನ ಕಳಿಸಿಬಿಡಿ, ಐದು ನಿಮಿಷದ ಕೆಲಸ.’ ಅದು ಐದು ನಿಮಿಷದ ಕೆಲಸವಲ್ಲ. ಯಾರಾದರೂ ಮಾಡಿಬಿಡುವ ಕೆಲಸವೂ ಅಲ್ಲ.

ಮನೆಗಳಲ್ಲಿ ಸಾಮಾನ್ಯವಾಗಿ ಹಾಕುವ 1200 ಮಿ.ಮೀ. ಫ್ಯಾನು ನಾಲ್ಕು ಕೆ.ಜಿ. ಆಸುಪಾಸು ತೂಗುತ್ತದೆ. ಜೋರಾಗಿ ಬಿಟ್ಟರೆ ನಿಮಿಷಕ್ಕೆ 350ರಷ್ಟು ಸುತ್ತು. ಸೆಕೆಯ ರಾತ್ರಿಗಳಲ್ಲಿ ಅದರ ನೇರ ಕೆಳಗೇ ಮಕ್ಕಳ ಹಾಸಿಗೆ. ಈ ಭಾರವನ್ನು ಹಿಡಿದಿಟ್ಟಿರುವುದು ತಾರಸಿಯೊಳಗಿನ ಒಂದು ಹುಕ್ಕು, ಹುಕ್ಕಿಗೆ ಕೂರುವ ರಬ್ಬರ್ ಬುಷ್, ಬುಷ್ಷಿನೊಳಗೆ ತೂರುವ ಬೋಲ್ಟು, ಆ ಬೋಲ್ಟಿನಿಂದ ಇಳಿಬಿದ್ದ ರಾಡು, ರಾಡಿನ ಕೆಳತುದಿಯಲ್ಲಿ ಮೋಟಾರನ್ನು ಹಿಡಿದ ಇನ್ನೊಂದು ಬೋಲ್ಟು. ತಿರುಗುವ ಯಂತ್ರ ಅದುರುತ್ತಲೇ ಇರುತ್ತದೆ. ಅದುರಿ ಅದುರಿ ನಟ್ಟು ಸಡಿಲಾಗುತ್ತದೆ. ಸಡಿಲಾದ ನಟ್ಟು ಕಳಚಿ ಬೀಳದಂತೆ ತಡೆಯುವುದು ಬೋಲ್ಟಿನ ತುದಿಯ ತೂತಿನಲ್ಲಿ ಕೂರುವ ಸ್ಪ್ಲಿಟ್ ಪಿನ್.

ಬೆರಳಿನಷ್ಟೂ ಉದ್ದವಿಲ್ಲದ ಈ ಪಿನ್ನಿಗೆ ಎರಡು ಕಾಲುಗಳಿರುತ್ತವೆ. ಕೆಲಸ ಬಲ್ಲವರು ಅದನ್ನು ತೂತಿನಲ್ಲಿ ತೂರಿಸಿ, ಕಟಿಂಗ್ ಪ್ಲೇಯರ್‌ನಿಂದ ಎರಡೂ ಕಾಲುಗಳನ್ನು ಒಂದೊಂದು ಕಡೆಗೆ ಚೆನ್ನಾಗಿ ಅಗಲಿಸಿ ಬಗ್ಗಿಸುತ್ತಾರೆ. ಕೈಯಿಂದ ಒಮ್ಮೆ ಎಳೆದು ನೋಡಿ, ಆಮೇಲೆ ಹುಕ್ಕು, ಬೋಲ್ಟು ಮರೆಯಾಗುವಂತೆ ರಾಡಿನ ಮೇಲಿನ ಬಟ್ಟಲಿನಂಥ ಕಪ್ಪನ್ನು ಮೇಲಕ್ಕೆ ಸರಿಸಿ ಮುಚ್ಚುತ್ತಾರೆ. ಅವಸರದವರು ಕಾಲು ಬಗ್ಗಿಸದೆ ಬಿಡುತ್ತಾರೆ. ಪಿನ್ನು ಕಳೆದುಹೋಗಿದ್ದರೆ ವೈರಿನ ತುಂಡನ್ನೋ ಮೊಳೆಯನ್ನೋ ತುರುಕುವವರೂ ಇದ್ದಾರೆ. ಕಪ್ಪು ಮುಚ್ಚಿದ ಮೇಲೆ ಎರಡೂ ಕೆಲಸ ಹೊರಗಿನಿಂದ ಒಂದೇ ರೀತಿ ಕಾಣುತ್ತವೆ. ಮುಂದಿನ ಹತ್ತು ವರ್ಷ ಅದನ್ನು ಯಾರೂ ತೆಗೆದು ನೋಡುವುದಿಲ್ಲ. ನಾವು ದುಡ್ಡು ಕೊಡುವುದು ಕಣ್ಣಿಗೆ ಬೀಳದ ಈ ಕೆಲಸಕ್ಕೆ.

ಇನ್ನು ಹುಕ್ಕಿನ ವಿಚಾರ. ಈಗಿನ ಆರ್‌ಸಿಸಿ ಮನೆಗಳಲ್ಲಿ ಮೋಲ್ಡ್ ಹಾಕುವ ಮೊದಲೇ ಸೆಂಟ್ರಿಂಗ್ ಮೇಲೆ ಫ್ಯಾನ್ ಬಾಕ್ಸ್ ಇಟ್ಟು, 10–12 ಮಿ.ಮೀ. ದಪ್ಪದ ಸರಳನ್ನು ಬಗ್ಗಿಸಿ, ಅದರ ಎರಡೂ ತುದಿಗಳನ್ನು ತಾರಸಿಯ ಕಂಬಿಗೆ ಕಟ್ಟಬೇಕು. ಆ ದಿನ ಎಲೆಕ್ಟ್ರಿಷಿಯನ್ ಸೈಟಿನಲ್ಲಿದ್ದು ನೋಡಿಕೊಂಡರೆ ಮನೆ ಇರುವವರೆಗೆ ಚಿಂತೆಯಿಲ್ಲ. ಮರೆತರೆ ಆಮೇಲೆ ಡ್ರಿಲ್ ಹೊಡೆದು ಆ್ಯಂಕರ್ ಬೋಲ್ಟ್ ಬಿಗಿಯಬೇಕು. ಅದು ತಪ್ಪಲ್ಲ, ಆದರೆ ತೂತಿನ ಆಳ, ಬೋಲ್ಟಿನ ಗಾತ್ರ, ಕಾಂಕ್ರೀಟಿನ ಗಟ್ಟಿತನ ಎಲ್ಲವನ್ನೂ ನೋಡಿ ಮಾಡಬೇಕಾದ ಕೆಲಸ. ಉದುರುವ ಗಾರೆಗೆ ಬಿಗಿದ ಬೋಲ್ಟು ಮೊದಲ ದಿನ ನಿಂತೀತು, ಅದುರುವ ಭಾರವನ್ನು ವರ್ಷಗಟ್ಟಲೆ ಹೊರಲಾರದು.

ನಮ್ಮ ಹಳೆಯ ಮನೆಗಳನ್ನಂತೂ ಫ್ಯಾನಿಗಾಗಿ ಕಟ್ಟಿದ್ದೇ ಅಲ್ಲ. ಅಮೆರಿಕದಲ್ಲಿ ಫಿಲಿಪ್ ಡೀಲ್ ಎಂಬಾತ ಹೊಲಿಗೆ ಯಂತ್ರದ ಮೋಟಾರಿನ ಅನುಭವದಿಂದ 1882ರಲ್ಲಿ ವಿದ್ಯುತ್ ಸೀಲಿಂಗ್ ಫ್ಯಾನ್ ಮಾಡಿದ. ನಮ್ಮಲ್ಲಿ ಶಿವನಸಮುದ್ರದ ವಿದ್ಯುತ್ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹರಿಯಿತು, 1905ರಲ್ಲಿ ಬೆಂಗಳೂರಿಗೆ ಬಂತು. ಮನೆಮನೆಗೆ ಫ್ಯಾನು ಬಂದದ್ದು ಅದಕ್ಕೂ ಎಷ್ಟೋ ಕಾಲದ ನಂತರ. ಹಾಗಾಗಿ ಬಯಲುಸೀಮೆಯ ಮಾಳಿಗೆ ಮನೆಯಲ್ಲಿ ತೊಲೆ ಯಾವುದು, ಜಂತೆ ಯಾವುದು ಎಂದು ನೋಡಿ ತೊಲೆಗೇ ಹುಕ್ಕು ಹಾಕಬೇಕು. ಕರಾವಳಿಯ ಹೆಂಚಿನ ಮನೆಯಲ್ಲಿ ಪಕ್ಕಾಸಿಗೋ ರೀಪಿಗೋ ತೂಗುಹಾಕುವಂತಿಲ್ಲ. ಅವು ಹೆಂಚಿನ ಭಾರಕ್ಕೆ ಮಾಡಿದವು. ಅಡ್ಡಕ್ಕೆ ಗಟ್ಟಿ ಮರವೋ ಕಬ್ಬಿಣದ ಪೈಪೋ ಕೊಡಬೇಕು. ಮರಕ್ಕೆ ಗೆದ್ದಲು ಹಿಡಿದಿದೆಯೇ ಎಂದು ಬಡಿದು ನೋಡಬೇಕು. ಬೆಂಗಳೂರು, ಮೈಸೂರಿನ ಹಳೆಯ ಬಡಾವಣೆಗಳಲ್ಲಿ ಕಬ್ಬಿಣದ ಗರ್ಡರ್ ಇರುವ ತಾರಸಿಗಳಿವೆ, ಅವಕ್ಕೆ ಬೇರೆಯೇ ಕ್ಲ್ಯಾಂಪು. ಇದೊಂದೂ ಫ್ಯಾನಿನ ಪೆಟ್ಟಿಗೆಯಲ್ಲಿ ಬರುವ ಚೀಟಿಯಲ್ಲಿ ಬರೆದಿರುವುದಿಲ್ಲ. ಊರಿನ ಮನೆಗಳನ್ನು ಹತ್ತಿಳಿದ ಎಲೆಕ್ಟ್ರಿಷಿಯನ್‌ಗೆ ಗೊತ್ತಿರುತ್ತದೆ.

ಹೊಸ ಫ್ಲ್ಯಾಟುಗಳ ತಾಪತ್ರಯ ಬೇರೆ. ಜಿಪ್ಸಂ ಫಾಲ್ಸ್ ಸೀಲಿಂಗ್ ಬರೀ ಅಲಂಕಾರಕ್ಕೆ. ಅದು ಫ್ಯಾನನ್ನು ಹೊರುವುದಿಲ್ಲ. ಉದ್ದದ ರಾಡು ಹಾಕಿ ಮೇಲಿನ ತಾರಸಿಯಿಂದಲೇ ಇಳಿಸಬೇಕು. ನೆಲದಿಂದ ರೆಕ್ಕೆಯವರೆಗೆ ಕಡಿಮೆಯೆಂದರೂ 2.4 ಮೀಟರ್, ಅಂದರೆ ಸುಮಾರು ಎಂಟು ಅಡಿ, ಅಂತರವಿರಬೇಕು. ಮಕ್ಕಳಿಗೆ ಮೇಲೊಂದು ಕೆಳಗೊಂದು ಮಂಚ ಹಾಕಿಸಿದವರು ಈ ಅಳತೆಯನ್ನು ನೆಲದಿಂದಲ್ಲ, ಮೇಲಿನ ಮಂಚದಲ್ಲಿ ಎದ್ದು ನಿಂತ ಮಗುವಿನ ತಲೆಯಿಂದ ಯೋಚಿಸಬೇಕು.

ಇಷ್ಟಾದರೂ ಬಿಗಿಯುವ ಕೆಲಸವನ್ನು ಜಾಣತನವಿದ್ದವರು ಕಲಿತಾರು. ನನಗೆ ನಿಜವಾಗಿ ಭಯವಿರುವುದು ಕರೆಂಟಿನ ಬಗ್ಗೆ. ಸ್ವಿಚ್ ಆಫ್ ಮಾಡಿದ್ದೇವೆ, ಇನ್ನೇನು ಎಂದುಕೊಂಡು ಸ್ಟೂಲು ಹತ್ತುವವರಿದ್ದಾರೆ. ಸ್ವಿಚ್ಚನ್ನು ಫೇಸಿಗೆ ಕೊಡುವ ಬದಲು ನ್ಯೂಟ್ರಲ್‌ಗೆ ಕೊಟ್ಟಿರುವ ಹಳೆಯ ವೈರಿಂಗ್ ಆಗಿದ್ದರೆ ಫ್ಯಾನು ನಿಂತಿರುತ್ತದೆ, ವೈರಿನಲ್ಲಿ ಕರೆಂಟು ಇದ್ದೇ ಇರುತ್ತದೆ. ಸರಿ, ಮೇನ್ ಇಳಿಸಿದರಾಯಿತಲ್ಲ ಎಂದರೆ, ಲೋಡ್‌ಶೆಡ್ಡಿಂಗ್ ಕಂಡ ನಮ್ಮ ಮನೆಗಳಲ್ಲಿ ಯುಪಿಎಸ್ ಇದೆ. ಹಾಲಿನ ಲೈಟು, ಮಲಗುವ ಕೋಣೆಯ ಫ್ಯಾನು ಅದರ ಲೈನಿನಲ್ಲಿರುತ್ತವೆ. ಮೇನ್ ಇಳಿಸಿದ ಕ್ಷಣವೇ ಯುಪಿಎಸ್, ಕರೆಂಟ್ ಹೋಯಿತೆಂದು ತಿಳಿದು, ಬ್ಯಾಟರಿಯಿಂದ 230 ವೋಲ್ಟ್ ಕೊಡಲು ಶುರುಮಾಡುತ್ತದೆ. ಮನೆಯವರ ಲೆಕ್ಕದಲ್ಲಿ ಕರೆಂಟಿಲ್ಲ; ಬರಿಗೈಯಲ್ಲಿ ವೈರು ಹಿಡಿದವನಿಗೆ ಇದೆ. ಬೆವರಿದ ಕೈ, ಏಣಿಯ ತುದಿ. ಶಾಕ್ ಹೊಡೆದು ಬಿದ್ದರೆ ಎರಡು ಅಪಾಯ ಒಟ್ಟಿಗೇ. ಆದ್ದರಿಂದ ಮೇನ್, ಯುಪಿಎಸ್ ಎರಡನ್ನೂ ಆರಿಸಿ, ಟೆಸ್ಟರನ್ನು ಮೊದಲೇ ಕರೆಂಟಿರುವ ಜಾಗದಲ್ಲಿ ಇಟ್ಟು ಅದು ಉರಿಯುತ್ತದೆಂದು ಖಾತ್ರಿ ಮಾಡಿಕೊಂಡು, ಆಮೇಲೆ ಫ್ಯಾನಿನ ವೈರಿಗೆ ಇಟ್ಟು ನೋಡಿ ಮುಟ್ಟುವವರೇ ಈ ಕೆಲಸಕ್ಕೆ ತಕ್ಕವರು.

ಕಾನೂನು ಈ ವಿಷಯದಲ್ಲಿ ಒಂದು ಗೆರೆ ಎಳೆದಿದೆ, ಹೆಚ್ಚಿನವರಿಗೆ ಅದು ಗೊತ್ತಿಲ್ಲ. 1956ರ ಭಾರತೀಯ ವಿದ್ಯುತ್ ನಿಯಮಗಳಿಂದ ಹಿಡಿದು ಕೇಂದ್ರ ವಿದ್ಯುತ್ ಪ್ರಾಧಿಕಾರದ 2023ರ ಸುರಕ್ಷತಾ ನಿಯಮಗಳವರೆಗೆ ಹೇಳುವುದು ಇಷ್ಟು: ಗ್ರಾಹಕರ ಮನೆಯಲ್ಲಿ ವೈರಿಂಗ್ ಕೆಲಸವನ್ನು ಲೈಸೆನ್ಸ್ ಇರುವ ಗುತ್ತಿಗೆದಾರರು, ಅರ್ಹತಾಪತ್ರ ಇರುವವರ ನೇರ ಉಸ್ತುವಾರಿಯಲ್ಲಿ, ಪರ್ಮಿಟ್ ಇರುವವರಿಂದ ಮಾಡಿಸಬೇಕು. ಬಲ್ಬು, ಫ್ಯೂಸು, ಸ್ವಿಚ್ಚು, ಫ್ಯಾನುಗಳನ್ನು ಇದ್ದ ಜಾಗದಲ್ಲೇ ಬದಲಾಯಿಸುವುದಕ್ಕೆ ವಿನಾಯಿತಿ ಇದೆ. ಅಂದರೆ ಹಳೆಯ ಫ್ಯಾನ್ ಇಳಿಸಿ ಅದೇ ಹುಕ್ಕಿಗೆ ಹೊಸದು ಹಾಕಲು ಪರ್ಮಿಟ್ ಬೇಕಿಲ್ಲ; ಇಲ್ಲದ ಕಡೆ ಹೊಸ ಪಾಯಿಂಟ್ ಎಳೆಸಲು ಬೇಕು. ನಮ್ಮ ರಾಜ್ಯದಲ್ಲಿ ಇವನ್ನು ಕೊಡುವುದು ವಿದ್ಯುತ್ ಪರಿವೀಕ್ಷಣಾಲಯ. ಹೊಸ ಪಾಯಿಂಟ್ ಹಾಕಿಸುವಾಗ ‘ಪರ್ಮಿಟ್ ಇದೆಯೇ’ ಎಂದು ಕೇಳುವುದು ಅವಮಾನ ಮಾಡಿದಂತಲ್ಲ. ಐಟಿಐಯಲ್ಲಿ ಎರಡು ವರ್ಷ ಕಲಿತವರು ಸಂತೋಷದಿಂದಲೇ ತೋರಿಸುತ್ತಾರೆ.

ಕಾಗದವಿಲ್ಲದೆ ಗುರುವಿನ ಹಿಂದೆ ಏಣಿ ಹೊತ್ತು ಕಲಿತ ಕುಶಲಿಗಳು ಬಹಳ ಮಂದಿ ಇದ್ದಾರೆ. ಅವರನ್ನು ದೂರವಿಡಬೇಕೆಂದು ನಾನು ಹೇಳುತ್ತಿಲ್ಲ. ಅವರೂ ಪರ್ಮಿಟ್ ಪಡೆಯುವಂತಾಗಬೇಕು. ಕಟ್ಟಡ ಕೆಲಸದ ಎಲೆಕ್ಟ್ರಿಷಿಯನ್‌ಗಳು ಕರ್ನಾಟಕ ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಬಹುದು. ವರ್ಷಕ್ಕೆ 90 ದಿನ ನಿರ್ಮಾಣದ ಕೆಲಸ ಮಾಡಿರಬೇಕು. ಆದರೆ ಮನೆಮನೆಗೆ ಹೋಗಿ ಒಂದು ಫ್ಯಾನು, ಒಂದು ಸ್ವಿಚ್ಚು ಎಂದು ದುಡಿಯುವವನು ಆ 90 ದಿನವನ್ನು ಹೇಗೆ ತೋರಿಸಬೇಕು? ಆ್ಯಪ್‌ಗಳ ಮೂಲಕ ದುಡಿಯುವವರಿಗಾಗಿ ರಾಜ್ಯ 2025ರಲ್ಲಿ ಗಿಗ್ ಕಾರ್ಮಿಕರ ಕಾಯ್ದೆ ತಂದಿದೆ. ಅಂಗಡಿಯ ಮುಂದೆ ಬೈಕ್ ನಿಲ್ಲಿಸಿಕೊಂಡು ಕರೆಗೆ ಕಾಯುವವನು ಎರಡರ ಲೆಕ್ಕಕ್ಕೂ ಸುಲಭವಾಗಿ ಸಿಗುವುದಿಲ್ಲ. ಅವನು ಕೇಳಿದ ಕೂಲಿಯಲ್ಲಿ ಐವತ್ತು ರೂಪಾಯಿ ಇಳಿಸಲು ನಾವು ಜಗ್ಗಾಡುವಾಗ ಇದೂ ನೆನಪಿರಬೇಕು.

ಹೊಸ ಫ್ಯಾನ್ ಕೊಳ್ಳುವವರಿಗೆ ಇನ್ನೆರಡು ಮಾತು. 2023ರ ಜನವರಿಯಿಂದ ಸೀಲಿಂಗ್ ಫ್ಯಾನುಗಳಿಗೆ ಸ್ಟಾರ್ ಗುರುತು ಕಡ್ಡಾಯ. ಹಳೆಯ ಬಗೆಯ ಫ್ಯಾನು 75 ವ್ಯಾಟ್ ಎಳೆಯುವಲ್ಲಿ ಬಿಎಲ್‌ಡಿಸಿ ಫ್ಯಾನು 30 ವ್ಯಾಟಿನ ಆಸುಪಾಸಿನಲ್ಲಿ ಓಡುತ್ತದೆ. ದಿನಕ್ಕೆ 12 ಗಂಟೆಯಂತೆ ತಿಂಗಳಿಗೆ 27 ಯೂನಿಟ್ ಆಗುತ್ತಿದ್ದದ್ದು ಸುಮಾರು 11ಕ್ಕೆ ಇಳಿಯುತ್ತದೆ. ಆದರೆ ಗೋಡೆಯ ಹಳೆಯ ರೆಗ್ಯುಲೇಟರ್ ಮೂಲಕ ಬಿಎಲ್‌ಡಿಸಿ ಫ್ಯಾನನ್ನು ಓಡಿಸಬಾರದು. ರೆಗ್ಯುಲೇಟರ್ ಬಿಡಿಸಿ ನೇರ ಕೊಡಬೇಕು. ಇದನ್ನು ತಿಳಿಯದೆ ಹಾಕಿದ ಫ್ಯಾನಿನ ಸರ್ಕ್ಯೂಟು ಸುಟ್ಟರೆ ಬೈಗುಳ ಕಂಪನಿಗೆ ಹೋಗುತ್ತದೆ. ಹಾಗೆಯೇ ಒಂದು ಫ್ಯಾನಿನ ರೆಕ್ಕೆಯನ್ನು ಇನ್ನೊಂದಕ್ಕೆ ಹಾಕಬೇಡಿ. ಮೂರೂ ರೆಕ್ಕೆಗಳನ್ನು ತೂಕ ಹೊಂದಿಸಿ ಒಂದು ಜೊತೆಯಾಗಿ ಕೊಟ್ಟಿರುತ್ತಾರೆ, ಬೆರೆಸಿದರೆ ಫ್ಯಾನು ತೂಗಾಡುತ್ತದೆ.

ಈ ಬೇಸಿಗೆಯಲ್ಲಿ ಎಲೆಕ್ಟ್ರಿಷಿಯನ್ ಮನೆಗೆ ಬಂದಾಗ ಗಟ್ಟಿ ಏಣಿ ಕೊಡಿ, ಕೆಳಗೆ ನಿಂತು ಹಿಡಿದುಕೊಳ್ಳಿ, ಯುಪಿಎಸ್ ನೀವೇ ಆರಿಸಿ. ಕಪ್ಪು ಮುಚ್ಚುವ ಮೊದಲು ಸ್ಪ್ಲಿಟ್ ಪಿನ್ ತೋರಿಸಲು ಹೇಳಿ. ಪೆಟ್ಟಿಗೆಯಲ್ಲಿ ಸೇಫ್ಟಿ ವೈರ್ ಬಂದಿದ್ದರೆ ಅದನ್ನೂ ಹುಕ್ಕಿಗೆ ಹಾಕಿಸಿ. ಮನೆಯ ಉಳಿದ ಫ್ಯಾನುಗಳ ಕಪ್ಪನ್ನೂ ಅಂದೇ ಇಳಿಸಿ ನೋಡಿಸಿ, ಅದಕ್ಕೂ ಸೇರಿಸಿ ಅವರ ಕೂಲಿಯನ್ನು ಪೂರ್ತಿ ಕೊಡಿ.