ಬುಕ್ ಮಾಡಿದ ಫ್ಲಾಟು ಬೇಡವೆಂದರೆ ದುಡ್ಡು ವಾಪಸು ಬರುತ್ತದೆಯೇ?

ಆನೇಕಲ್: ಚಂದಾಪುರದಿಂದ ಆನೇಕಲ್‌ವರೆಗೆ ಬಸ್ಸಿನ ಕಿಟಕಿಯಾಚೆ ನೋಡಿದರೆ ಬೋರ್ಡುಗಳದೇ ಸಾಲು. ‘ಬುಕಿಂಗ್ ಆರಂಭ’, ‘ಕೆಲವೇ ಫ್ಲಾಟುಗಳು ಬಾಕಿ’. ಅತ್ತಿಬೆಲೆ, ಜಿಗಣಿ, ಸರ್ಜಾಪುರ, ಎಲ್ಲೆಡೆ ಇದೇ ಕಥೆ. ಬೊಮ್ಮಸಂದ್ರದ ಕಾರ್ಖಾನೆಗಳಲ್ಲಿ ದುಡಿಯುವವರು, ಎಲೆಕ್ಟ್ರಾನಿಕ್ ಸಿಟಿಗೆ ದಿನವೂ ಹೋಗಿ ಬರುವವರು ಪಿ.ಎಫ್. ಹಣ, ಮನೆಯಾಕೆಯ ಒಡವೆ, ಊರಿನ ಜಮೀನು ಎಲ್ಲ ಕರಗಿಸಿ ಮುಂಗಡ ಕಟ್ಟುತ್ತಾರೆ. ಹೇಳಿದ ದಿನಕ್ಕೆ ಬೀಗದ ಕೈ ಸಿಗದಿದ್ದರೆ ಒಂದು ಕಡೆ ಬಾಡಿಗೆ, ಇನ್ನೊಂದು ಕಡೆ ಬ್ಯಾಂಕಿನ ಕಂತು. ‘ಸಾಕಪ್ಪಾ ಸಾಕು, ನಮ್ಮ ದುಡ್ಡು ಕೊಟ್ಟುಬಿಡಿ’ ಎಂದರೆ ‘ಕ್ಯಾನ್ಸಲ್ ಮಾಡಿದರೆ ಇಷ್ಟು ಮುರ್ಕೋತೀವಿ ಸಾರ್’ ಎಂಬ ಉತ್ತರ!

ಹಾಗೆ ಮುರಿದುಕೊಳ್ಳಲು ಬಿಲ್ಡರನಿಗೆ ಹಕ್ಕುಂಟೆ? ತಪ್ಪು ಯಾರದು ಎಂಬುದರ ಮೇಲೆ ಅದು ನಿಂತಿದೆ.

ತಪ್ಪು ಬಿಲ್ಡರನದಾದರೆ

ಜನ ‘ರೇರಾ’ ಎಂದು ಕರೆಯುವ 2016ರ ರಿಯಲ್ ಎಸ್ಟೇಟ್ ಕಾಯ್ದೆ 2017ರ ಮೇ 1ರಿಂದ ಪೂರ್ತಿಯಾಗಿ ಜಾರಿಗೆ ಬಂತು. ಅದರ 18ನೇ ಕಲಮಿನ ಮಾತು ಸ್ಪಷ್ಟ. ಕರಾರಿನಲ್ಲಿ ಬರೆದ ದಿನಕ್ಕೆ ಮನೆ ಕೊಡದಿದ್ದರೆ ಕೊಂಡವರು ವ್ಯವಹಾರದಿಂದ ಹಿಂದೆ ಸರಿಯಬಹುದು. ಕಟ್ಟಿದ ಹಣ ಪೂರ್ತಿ ವಾಪಸು, ಮೇಲೆ ಬಡ್ಡಿ. ಕರ್ನಾಟಕದ ನಿಯಮದಂತೆ ಆ ಬಡ್ಡಿ ಸ್ಟೇಟ್ ಬ್ಯಾಂಕಿನ ಅತಿ ಹೆಚ್ಚಿನ ಎಂ.ಸಿ.ಎಲ್.ಆರ್. ದರಕ್ಕಿಂತ ಶೇಕಡ 2 ಹೆಚ್ಚು. ‘ಇಲ್ಲ, ಮನೆಯೇ ಬೇಕು, ಕಾಯುತ್ತೇವೆ’ ಎನ್ನುವವರಿಗೂ ತಡವಾದ ಪ್ರತಿ ತಿಂಗಳಿಗೆ ಬಡ್ಡಿ ಸಲ್ಲಬೇಕು.

‘ಕೋರ್ಟಿನ ಸ್ಟೇ ಇತ್ತು, ನಾವೇನು ಮಾಡೋಣ’ ಎಂಬ ಸಬೂಬು ಇಲ್ಲಿ ನಡೆಯುವುದಿಲ್ಲ. ಅಂಥ ಕಾರಣಗಳೇನೇ ಇರಲಿ, ಹಣ ವಾಪಸು ಪಡೆಯುವ ಈ ಹಕ್ಕಿಗೆ ಷರತ್ತೇ ಇಲ್ಲವೆಂದು ನ್ಯೂಟೆಕ್ ಪ್ರಮೋಟರ್ಸ್ ಮೊಕದ್ದಮೆಯಲ್ಲಿ 2021ರ ನವೆಂಬರ್ 11ರಂದು ಸುಪ್ರೀಂ ಕೋರ್ಟು ತೀರ್ಪಿತ್ತಿದೆ.

ಬಣ್ಣದ ಪುಸ್ತಕದಲ್ಲಿ ಈಜುಕೊಳ, ಪಾರ್ಕು ತೋರಿಸಿ ಸ್ಥಳದಲ್ಲಿ ಬರಿಯ ಮಣ್ಣು ಬಿಟ್ಟವರಿಗೂ ಕಾನೂನಿನಲ್ಲಿ ಉತ್ತರವಿದೆ. ಸುಳ್ಳು ಜಾಹೀರಾತನ್ನೋ ಮಾದರಿ ಮನೆಯನ್ನೋ ನಂಬಿ ಮೋಸ ಹೋದವರು 12ನೇ ಕಲಮಿನಂತೆ ಹಿಂದೆ ಸರಿದು ಬಡ್ಡಿ ಸಮೇತ ಹಣ ಕೇಳಬಹುದು.

ಮನಸ್ಸು ಬದಲಾದರೆ?

ಇಲ್ಲಿ ಹುಷಾರಾಗಿರಬೇಕು. ಬುಕ್ ಮಾಡಿ ನಾಲ್ಕು ದಿನದೊಳಗೆ ಬೇಡವೆಂದರೆ ಪುಕ್ಕಟೆಯಾಗಿ ಬಿಡಿಸಿಕೊಳ್ಳಬಹುದೆಂಬ ಅವಕಾಶ ನಮ್ಮ ರೇರಾದಲ್ಲಿ ಇಲ್ಲ. ಬಿಲ್ಡರನ ತಪ್ಪಿಲ್ಲದೆ ನೀವೇ ಬಿಟ್ಟರೆ ಮುಂಗಡದಲ್ಲಿ ಮುರಿದುಕೊಳ್ಳುತ್ತಾರೆ. ಹಾಗೆಂದು ಮನಸ್ಸಿಗೆ ಬಂದಷ್ಟು ನುಂಗುವಂತಿಲ್ಲ. ಗುರುಗ್ರಾಮದ ಮೊಕದ್ದಮೆಯೊಂದರಲ್ಲಿ ಕರಾರಿನಲ್ಲಿ ಶೇಕಡ 20 ಎಂದಿತ್ತು. ಮೂಲ ಬೆಲೆಯ ಶೇಕಡ 10ಕ್ಕಿಂತ ಹೆಚ್ಚು ಮುರಿಯಬಾರದೆಂಬ ಗ್ರಾಹಕ ಆಯೋಗದ ಆದೇಶವನ್ನು 2025ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಒಪ್ಪಿತು. ಬಡ್ಡಿ ಮಾತ್ರ ಕೊಡಿಸಲಿಲ್ಲ.

ರಿಜಿಸ್ಟರ್ ಆದ ಮೇಲೆ

ಕ್ರಯಪತ್ರ ಆಗಿಹೋದರೆ ಒಬ್ಬರೇ ಸಬ್‌ರಿಜಿಸ್ಟ್ರಾರ್ ಕಚೇರಿಗೆ ಹೋಗಿ ರದ್ದು ಮಾಡಿಸಲಾಗದು. ಇಬ್ಬರೂ ಒಪ್ಪಿ ರದ್ದುಪತ್ರ ಬರೆಯಬೇಕು, ಇಲ್ಲವೇ ಮೋಸವಾಗಿದೆಯೆಂದು ಸಿವಿಲ್ ಕೋರ್ಟಿನ ಮೆಟ್ಟಿಲು ಹತ್ತಬೇಕು. ಆದರೆ ಪರಿಹಾರ ಕೇಳುವ ದಾರಿ ಮುಚ್ಚುವುದಿಲ್ಲ. ಪಕ್ಕದ ಬೇಗೂರಿನ ಡಿ.ಎಲ್.ಎಫ್. ಬಡಾವಣೆಯ 339 ಫ್ಲಾಟುದಾರರೇ ಇದಕ್ಕೆ ಸಾಕ್ಷಿ. ಕರಾರಿನಂತೆ 36 ತಿಂಗಳಲ್ಲಿ ಸಿಗಬೇಕಿದ್ದ ಮನೆ ವರ್ಷಗಟ್ಟಲೆ ತಡವಾಯಿತು. ತಡಕ್ಕೆ ಕಂಪನಿ ಒಪ್ಪಿದ್ದು ಚದರಡಿಗೆ ತಿಂಗಳಿಗೆ 5 ರೂಪಾಯಿ. 2020ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟು ಅದು ಸಾಲದೆಂದು ಅದರ ಮೇಲೆ ವರ್ಷಕ್ಕೆ ಶೇಕಡ 6ರಂತೆ ಕೊಡಿಸಿತು. ಬೀಗದ ಕೈ ಪಡೆದು ರಿಜಿಸ್ಟರ್ ಮಾಡಿಸಿಕೊಂಡ ಮಾತ್ರಕ್ಕೆ ಪರಿಹಾರದ ಹಕ್ಕು ಹೋಗದು ಎಂದೂ ಹೇಳಿತು.

ಕೃಷಿ ಜಮೀನಿಗೆ ಭೂಪರಿವರ್ತನೆ ಇಲ್ಲದೆ ಗೂಟ ಹೊಡೆದು ಮಾರುವ ರೆವಿನ್ಯೂ ಸೈಟಿನ ಗಿರಾಕಿಗಳದು ಹೆಚ್ಚಿನ ಕಷ್ಟ. ಅಂಥ ಕಡೆ ದುಡ್ಡು ಇಸಿದುಕೊಂಡವರನ್ನು ಹುಡುಕುವುದೇ ಒಂದು ಕೆಲಸವಾಗುತ್ತದೆ. ಜಾಗ 500 ಚದರ ಮೀಟರ್ ದಾಟಿದ ಬಡಾವಣೆಗೆ, ಎಂಟಕ್ಕಿಂತ ಹೆಚ್ಚು ಫ್ಲಾಟಿರುವ ಕಟ್ಟಡಕ್ಕೆ ರೇರಾ ನೋಂದಣಿ ಕಡ್ಡಾಯ. ಜಾಹೀರಾತಿನಲ್ಲಿ ಆ ನಂಬರ್ ಇಲ್ಲದಿದ್ದರೆ ಅಲ್ಲಿಂದಲೇ ವಾಪಸು ಬರುವುದು ಮೇಲು.

ದೂರನ್ನು ಕಂಪ್ಯೂಟರಿನಲ್ಲೇ ಸಲ್ಲಿಸಬಹುದು. ಆದೇಶವಾದ ಮೇಲೂ ಬಿಲ್ಡರ್ ಕೊಡದಿದ್ದರೆ 40ನೇ ಕಲಮಿನಂತೆ ಕಂದಾಯ ಬಾಕಿಯಂತೆ ವಸೂಲಿ ಮಾಡಬೇಕು. ಅಂದರೆ ಕಡತ ಕಂದಾಯ ಇಲಾಖೆಯ ಮೇಜು ಹತ್ತಬೇಕು. ಗೆದ್ದವರು ಸವೆಯುವುದು ಅಲ್ಲೇ.

ಆದ್ದರಿಂದ ಒಂದು ಮಾತು ನೆನಪಿರಲಿ. ರಿಜಿಸ್ಟರ್ ಆದ ಕರಾರುಪತ್ರ ಕೈಗೆ ಬರುವ ಮೊದಲು ಬೆಲೆಯ ಶೇಕಡ 10ಕ್ಕಿಂತ ಹೆಚ್ಚು ತೆಗೆದುಕೊಳ್ಳಲು ಬಿಲ್ಡರನಿಗೆ ಕಾನೂನೇ ಬಿಡುವುದಿಲ್ಲ. ಕೇಳಿದರೆ ಕೊಡಬೇಡಿ. ಕೊಟ್ಟ ಪ್ರತಿ ರೂಪಾಯಿಗೂ ರಸೀತಿ ಇಟ್ಟುಕೊಳ್ಳಿ.