ಮುಪ್ಪು, ಮದ್ದು, ಮನೆಯವರ ಹೊಣೆ

ಊರು ಬಿಟ್ಟು ಕೊಚ್ಚಿಯಲ್ಲೋ ತಿರುವನಂತಪುರದಲ್ಲೋ ನೆಲೆಸಿದ ನಾವು ವಯಸ್ಸಾದ ತಾಯಿತಂದೆಗಳನ್ನು ಇಲ್ಲಿಗೇ ಕರೆತರುವುದುಂಟು. ಅವರ ಕಾಯಿಲೆ ಉಲ್ಬಣಿಸಿದಾಗ ಬುದ್ಧಿ ಹೇಳುವ ಹಿರಿಯರು ಹತ್ತಿರದಲ್ಲಿರುವುದಿಲ್ಲ. ಆಗ ಏಳುವ ಪ್ರಶ್ನೆಯೊಂದನ್ನು ಸಂಘದ ಬಂಧುಗಳ ಮುಂದಿಡುತ್ತಿದ್ದೇವೆ.

ನಮ್ಮ ಪರಿಚಯದ ಮನೆಯೊಂದರ ಅಜ್ಜಿಗೆ 86 ವರ್ಷ. ಎರಡು ವರ್ಷದಿಂದ ಹಾಸಿಗೆ ಹಿಡಿದಿದ್ದರು. ನ್ಯುಮೋನಿಯ ತಗುಲಿ ಆಸ್ಪತ್ರೆ ಸೇರಿದಾಗ, ಉಸಿರಾಟದ ಯಂತ್ರ ಹಾಕಬೇಕೆ ಎಂದು ವೈದ್ಯರು ಕೇಳಿದರು. ಬೇಡವೆಂದರೆ ಜನ ಏನೆಂದಾರೋ ಎಂದು ಮಗ ಅಂಜಿದ. ದೂರದೂರಿನ ಮಗಳು ‘ಎಷ್ಟಾದರೂ ಖರ್ಚಾಗಲಿ’ ಎಂದಳು. ಹನ್ನೊಂದು ದಿನ ಯಂತ್ರ ನಡೆಯಿತು, ಊರಿನ ಅಡಕೆ ತೋಟ ಅಡವಿಗೆ ಹೋಯಿತು, ಅಜ್ಜಿ ಉಳಿಯಲಿಲ್ಲ. ಕೊನೆಗಾಲಕ್ಕೆ ಮಗನ ಕೈಯಿಂದ ಒಂದು ಚಮಚ ನೀರೂ ಬಾಯಿಗೆ ಬೀಳಲಿಲ್ಲ. ತೋಟದ ಚಿಂತೆಗಿಂತ ಆ ನೀರಿನ ಕೊರಗೇ ಇಂದಿಗೂ ಅವನನ್ನು ಕಾಡುತ್ತಿದೆ.

ಹಾಗೆಂದು ವೃದ್ಧರಿಗೆ ದುಬಾರಿ ಚಿಕಿತ್ಸೆಯೇ ಸಲ್ಲದೆನ್ನಬಹುದೆ? ಸೊಂಟದ ಮೂಳೆ ಮುರಿದವರು 80ರಲ್ಲಿಯೂ ಶಸ್ತ್ರಚಿಕಿತ್ಸೆಯಿಂದ ಮತ್ತೆ ನಡೆದಾರು. ಕಣ್ಣಿನ ಪೊರೆ ತೆಗೆಸಿದರೆ ಮೊಮ್ಮಕ್ಕಳ ಮುಖ ಕಂಡಾರು. ವಯಸ್ಸನ್ನು ನೆಪ ಮಾಡಿ ಹಣ ಉಳಿಸುವುದು ಪಾಪವೇ ಸರಿ. 70 ದಾಟಿದವರ ಆಸ್ಪತ್ರೆ ವೆಚ್ಚವನ್ನು ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಭರಿಸುವ ಆಯುಷ್ಮಾನ್ ಭಾರತ್ ಸೌಲಭ್ಯ 2024ರ ಅಕ್ಟೋಬರಿನಲ್ಲಿ ಬಂದಿತು. ಆದ್ದರಿಂದ ವೈದ್ಯರನ್ನು ಕೇಳಬೇಕಾದುದು ಇಷ್ಟೆ: ಇವರು ಮನೆಗೆ ಮರಳಿಯಾರೆ? ನೋವು ತಗ್ಗೀತೆ? ತಾವಾಗಿ ಉಣ್ಣುವಂತಾದಾರೆ? ರೋಗಗಳನ್ನು ಸಾಧ್ಯ, ಯಾಪ್ಯ, ಅಸಾಧ್ಯವೆಂದು ವಿಂಗಡಿಸಿದ ಆಯುರ್ವೇದದ ಹಿರಿಯರಿಗೆ ಈ ವಿವೇಕವಿತ್ತು.

ಕಾನೂನೂ ಈಗ ದಾರಿ ತೋರಿದೆ. ಉತ್ತರ ಕನ್ನಡದ ಹಳದೀಪುರದಿಂದ ಮುಂಬಯಿಗೆ ಹೋಗಿ ದಾದಿಯಾಗಿದ್ದ ಅರುಣಾ ಶಾನಭಾಗರ ಪ್ರಕರಣದಲ್ಲಿ, 2011ರಲ್ಲಿ, ಸರ್ವೋಚ್ಚ ನ್ಯಾಯಾಲಯ ಮೊದಲು ಈ ವಿಷಯವನ್ನು ವಿಚಾರಿಸಿತು. 2018ರ ಮಾರ್ಚ್ 9ರಂದು, ಗುಣವಾಗದ ಸ್ಥಿತಿಯಲ್ಲಿ ಯಂತ್ರಗಳು ಬೇಡವೆಂದು ಮುಂಚೆಯೇ ಬರೆದಿಡುವ ಹಕ್ಕನ್ನು ಮಾನ್ಯ ಮಾಡಿತು. 2023ರ ಜನವರಿಯಲ್ಲಿ ಕ್ರಮ ಸುಲಭವಾಯಿತು: ಇಬ್ಬರು ಸಾಕ್ಷಿಗಳು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ರುಜು. ಎರಡು ವೈದ್ಯ ಮಂಡಲಿಗಳು ಒಪ್ಪಿದ ಮೇಲೆಯೇ ಅದು ನಡೆಯತಕ್ಕದ್ದು. ಆ ರುಜುವಿಗಾಗಿ ದಿನಬೆಳಗಾದರೆ ಕಡತ ಹೊರುವ ನಮ್ಮಂಥ ಗುಮಾಸ್ತರೂ ನಮ್ಮ ಮನೆಯ ಈ ಒಂದು ಕಾಗದವನ್ನು ಮರೆತಿದ್ದೇವೆ!

ಯಂತ್ರ ಬೇಡವೆಂದರೆ ಕೈಬಿಟ್ಟಂತಲ್ಲ. ಈ ಕೇರಳದಲ್ಲಿ 1993ರಲ್ಲಿ ಕೋಳಿಕ್ಕೋಡಿನಲ್ಲಿ ಆರಂಭವಾದ ನೋವು ಶಮನದ ಸೇವೆ, 2008ರ ಸರಕಾರಿ ನೀತಿಯಿಂದ ಪಂಚಾಯತಿಗಳ ಕೆಲಸವೂ ಆಯಿತು. ದಾದಿಯರು ಮನೆಗೇ ಬಂದು ಹುಣ್ಣು ತೊಳೆದು, ಮದ್ದು ಕೊಟ್ಟು, ಮನೆಯವರಿಗೂ ಆರೈಕೆ ಕಲಿಸುತ್ತಾರೆ. ತಿರುವನಂತಪುರದ ಪಾಲಿಯಮ್ ಇಂಡಿಯಾ 2003ರಲ್ಲಿ ಹುಟ್ಟಿದ್ದು ಇದೇ ಕಾರ್ಯಕ್ಕೆ. ಭಾಷೆ ಬೇರೆಯೆಂದು ಸಂಕೋಚಪಡದೆ ಇವರ ನೆರವು ಕೇಳೋಣ.

ಮುಂದಿನ ಹಬ್ಬಕ್ಕೆ ಮನೆಮಂದಿ ಸೇರಿದಾಗ, ಊಟವಾದ ಮೇಲೆ ಹಿರಿಯರ ಬಳಿ ಕುಳಿತು, ‘ಅಮ್ಮಾ, ಅಂಥ ಹೊತ್ತು ಬಂದರೆ ನಿನಗೇನು ಬೇಕು?’ ಎಂದು ಕೇಳೋಣ. ಕೇಳುವುದು ಅಪಶಕುನವೆಂದು ತಿಳಿಯಬೇಡಿ. ಎಷ್ಟೋ ಸಲ ಅವರು ಉತ್ತರವನ್ನು ಸಿದ್ಧವಾಗಿಟ್ಟುಕೊಂಡು, ನಾವು ಕೇಳುವುದನ್ನೇ ಕಾಯುತ್ತಿರುತ್ತಾರೆ.